ಓಗರದ ಮೇಲೆ ಬಡಿಸುವುದು

ನಮ್ಮ ಕಳಸದ ಕಡೆ ಈಚೆಗೆ ಕೇಟರಿಂಗ್ ಕೆಲಸಕ್ಕೆ ಇಳಿದಿರುವವರೆಲ್ಲ ಸೇರಿ ಒಂದು ಪುಸ್ತಕ ಮಾಡುತ್ತಿದ್ದಾರೆ. ಹಳೆಯ ಅಡುಗೆಯವರು ತಮ್ಮ ಅನುಭವ ಬರೆದುಕೊಡಬೇಕಂತೆ. ನನ್ನಿಂದ ಅವರಿಗೆ ಬೇಕಾಗಿದ್ದದ್ದು ಅಳತೆ: ಐನೂರು ಎಲೆಗೆ ಎಷ್ಟು ಬೇಳೆ, ಎಷ್ಟು ಕಾಯಿ. ಅದನ್ನು ಬೇರೆ ಯಾರಾದರೂ ಬರೆಯಲಿ. ನಾನು ನಲವತ್ತು ವರ್ಷ ಮದುವೆಮನೆಗಳಲ್ಲಿ ಅಡುಗೆ ಮಾಡಿದ್ದೇನೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವರ್ಷ ಒಬ್ಬ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟುಕೊಂಡೇ ಮಾಡಿದ್ದೇನೆ. ಕೈ ಸುಟ್ಟುಕೊಳ್ಳಬೇಡ, ಹೊಗೆಗೆ ಕಣ್ಣು ಕೊಡಬೇಡ ಎಂದು ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಎಲ್ಲರೂ ಹೇಳುತ್ತಾರೆ. ಈ ಹೊಟ್ಟೆಕಿಚ್ಚಿನ ಬಗ್ಗೆ ಯಾರೂ ಹೇಳಿದ್ದು ನಾನು ಕೇಳಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತದ್ದು ಸೀತಾರಾಮಣ್ಣನವರ ಕೈಕೆಳಗೆ. ಆಗ ಕಳಸದಿಂದ ಮೂಡಿಗೆರೆಯವರೆಗೆ ಯಾರ ಮನೆಯಲ್ಲಿ ಮದುವೆ, ಉಪನಯನ ಇದ್ದರೂ ಅವರನ್ನೇ ಕರೆಯುತ್ತಿದ್ದರು. ಮಾತು ಕಡಿಮೆ, ಕೋಪವೂ ಕಡಿಮೆ. ಆದರೆ ಯಾವುದಾದರೂ ಹಾಳಾದರೆ ಹಾಳು ಮಾಡಿದವನನ್ನು ಪಂಕ್ತಿಯ ಕೊನೆಯ ಎಲೆಗೆ ಕೂರಿಸಿ ಅದನ್ನೇ ಬಡಿಸಿ, ಅವನು ಉಂಡು ಏಳುವವರೆಗೆ ಎದುರಿಗೆ ನಿಂತಿರುತ್ತಿದ್ದರು. ಅವರ ಶಿಕ್ಷೆ ಅಷ್ಟೇ.

ಆ ಎಲೆಯ ಮುಂದೆ ನಾನು ಕೂತದ್ದು ಮೇಲೋಗರದ ದೆಸೆಯಿಂದ. ನಮ್ಮ ಕಡೆಯ ಮದುವೆ ಊಟದಲ್ಲಿ ಸಾರು, ಹುಳಿಯ ಜೊತೆಗೆ ಮೇಲೋಗರ ಇರಲೇಬೇಕಿತ್ತು. ಸುವರ್ಣಗೆಡ್ಡೆ, ಬಾಳೆಕಾಯಿ, ಸಿಹಿಗುಂಬಳ, ಹಲಸಿನ ಬೀಜ, ಆ ದಿನ ಏನು ಸಿಕ್ಕಿತೋ ಅದನ್ನೆಲ್ಲ ಕಡಲೆಕಾಳಿನ ಜೊತೆ ಬೇಯಿಸಿ, ಜೀರಿಗೆ ಹಾಕಿ ರುಬ್ಬಿದ ಕಾಯಿ ಕೂಡಿಸಿ ಗಟ್ಟಿಯಾಗಿ ಇಳಿಸುವುದು. ಹುಣಸೆಹುಳಿ ಚೂರೇ ಚೂರು. ಕೆಲವರು ಅದನ್ನೂ ಹಾಕುವುದಿಲ್ಲ. ನಾನು ಮೊದಲ ಸಲ ಸ್ವತಂತ್ರವಾಗಿ ಮಾಡಿದಾಗ, ಕಾಳು ಬೇಯುವ ಮೊದಲೇ ಹುಳಿ ಬಿಟ್ಟೆ. ಹುಳಿ ಬಿದ್ದ ಮೇಲೆ ಕಡಲೆ ಬೇಯುವುದಿಲ್ಲ ಎನ್ನುವುದು ನನಗೆ ತಿಳಿದಿರಲಿಲ್ಲ. ಎಷ್ಟು ಸೌದೆ ತಳ್ಳಿದರೂ ಕಾಳು ಕಲ್ಲು. ಅಷ್ಟರಲ್ಲಿ ತರಕಾರಿಯೆಲ್ಲ ಕರಗಿ ಮುದ್ದೆಯಾಯಿತು. ಸೀತಾರಾಮಣ್ಣ ಸೌಟು ಅದ್ದಿ ಎತ್ತಿ ನೋಡಿದರು.

“ಇದು ಮೇಲೋಗರ ಅಲ್ಲ ಮಾರಾಯ, ಕಲಸುಮೇಲೋಗರ” ಎಂದರು. ಆಮೇಲೆ ನನ್ನನ್ನು ಎಲೆಗೆ ಕೂರಿಸಿದರು. ಕಾಳು ಹಲ್ಲಿಗೆ ಕಟಕಟ ಎನ್ನುತ್ತಿತ್ತು. ಅವರು ನಿಂತೇ ಇದ್ದರು.

ಆವತ್ತಿನಿಂದ ಮೇಲೋಗರ ನನ್ನ ಹಟವಾಯಿತು. ನಾಲ್ಕೈದು ವರ್ಷದಲ್ಲಿ ಅದನ್ನು ಎಷ್ಟು ಪಳಗಿಸಿಕೊಂಡೆನೆಂದರೆ ಸೀತಾರಾಮಣ್ಣನೇ ಆ ಕೊಪ್ಪರಿಗೆಯ ಹತ್ತಿರ ಬರುತ್ತಿರಲಿಲ್ಲ. ಅವರಿಗೆ ಕೈ ಸೋತ ಮೇಲೆ ತಂಡ ನನಗೆ ಬಂತು. ‘ನಾರಾಯಣ ಭಟ್ರ ಮೇಲೋಗರ’ ಎಂದು ಜನ ಹೇಳುತ್ತಿದ್ದರು. ಹಾಗೆ ಹೇಳುವುದನ್ನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡದ್ದೂ ಉಂಟು.

ಗಿರಿಜೆ ಬಂದದ್ದು ಆಗ. ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಅತ್ತೆ ಮತ್ತು ಒಬ್ಬಳು ಮಗಳು. ಕಾಯಿ ತುರಿಯಲು, ತರಕಾರಿ ಹೆಚ್ಚಲು ಒಬ್ಬರು ಬೇಕಿತ್ತು; ಸೀತಾರಾಮಣ್ಣನೇ ಹೇಳಿ ಕಳಿಸಿದ್ದರು. ನನ್ನನ್ನು ‘ಅಣ್ಣಯ್ಯ’ ಎಂದು ಕರೆಯುತ್ತಿದ್ದಳು. ಹೇಳಿದ ಕೆಲಸ ಮುಗಿಸಿ ಈಳಿಗೆಮಣೆ ತೊಳೆದಿಟ್ಟು ಗೋಡೆಗೆ ಒರಗಿ ಕೂರುತ್ತಿದ್ದಳು. ಎರಡು ವರ್ಷ ಅವಳು ಇದ್ದದ್ದೇ ನನಗೆ ಗೊತ್ತಾಗಲಿಲ್ಲ ಎನ್ನಬೇಕು.

ಮೂರನೆಯ ವರ್ಷ ಮೂಡಿಗೆರೆ ಕಡೆಯ ಒಂದು ಎಸ್ಟೇಟ್ ಮನೆಯಲ್ಲಿ ಮದುವೆ. ಯಜಮಾನಿಯನ್ನು ಊರೆಲ್ಲ ದೊಡ್ಡಮ್ಮ ಎನ್ನುತ್ತಿತ್ತು. ಊಟದ ವಿಷಯದಲ್ಲಿ ಆಕೆಯ ನಾಲಿಗೆಗೆ ನಾವೆಲ್ಲ ಹೆದರುತ್ತಿದ್ದೆವು. ಮದುವೆಯ ದಿನ ಬೆಳಿಗ್ಗೆ ಜಿಲೇಬಿ ಬಾಣಲೆಯ ಎಣ್ಣೆ ಸಿಡಿದು ನನ್ನ ಬಲಗೈ ಸುಟ್ಟಿತು. ಹಸಿ ಬಟ್ಟೆ ಸುತ್ತಿಕೊಂಡು ಕೂತೆ. ಉಳಿದವರಿಗೆ ಅವರವರ ಕೆಲಸವೇ ತಲೆಯ ಮೇಲಿತ್ತು. ಮೇಲೋಗರ ನಾನು ಮಾಡಲೇ ಅಣ್ಣಯ್ಯ ಎಂದು ಗಿರಿಜೆ ಕೇಳಿದಳು. ಬೇರೆ ದಾರಿ ಇರಲಿಲ್ಲ. ಮಾಡು, ನಾನು ಕೂತಲ್ಲಿಂದ ಹೇಳುತ್ತೇನೆ ಎಂದೆ. ಅವಳು ನನ್ನನ್ನು ಏನೂ ಕೇಳಲಿಲ್ಲ.

ಮೊದಲ ಪಂಕ್ತಿ ಎದ್ದ ಮೇಲೆ ದೊಡ್ಡಮ್ಮ ಅಡುಗೆ ಕೊಟ್ಟಿಗೆಗೆ ಬಂದರು. ಇವತ್ತು ಮೇಲೋಗರ ಯಾರು ಮಾಡಿದ್ದು ಎಂದು ಕೇಳಿದರು. ನನ್ನ ಕೈಯ ಬಟ್ಟೆ ಎಲ್ಲರಿಗೂ ಕಾಣುತ್ತಿತ್ತು, ಸುಳ್ಳು ಹೇಳುವ ಹಾಗಿರಲಿಲ್ಲ. ಗಿರಿಜೆಯನ್ನು ತೋರಿಸಿದೆ. ದೊಡ್ಡಮ್ಮ ಅವಳ ಹತ್ತಿರ ಹೋಗಿ, “ಗೆಡ್ಡೆ ಗೆಡ್ಡೆಯಾಗೇ ಇದೆ, ಕುಂಬಳ ಕುಂಬಳವಾಗೇ ಇದೆ. ಎಲ್ಲ ಒಂದೇ ಪಾತ್ರೆಯಲ್ಲಿ ಹೇಗೆ ಮಾಡಿದೆ ಮಾರಾಯ್ತಿ?” ಎಂದು ಅವಳ ಗಲ್ಲ ಮುಟ್ಟಿದರು.

ನನ್ನ ಕೈಯ ಉರಿ ಆ ಕ್ಷಣ ನನಗೆ ಮರೆತೇಹೋಯಿತು. ಹತ್ತು ವರ್ಷ ಆ ಮನೆಗೆ ಅಡುಗೆ ಮಾಡಿದ್ದೆ. ನನ್ನ ಹತ್ತಿರ ಬಂದು ಹಾಗೆ ಕೇಳಿದ್ದು ಒಂದು ಸಲವೂ ಇಲ್ಲ.

ಅಲ್ಲಿಂದ ನಾನು ಅವಳನ್ನು ನೋಡತೊಡಗಿದೆ, ಕಳ್ಳನ ಹಾಗೆ. ಬೇಗ ಬೇಯುವ ಕುಂಬಳವನ್ನು ದಪ್ಪ ಹೆಚ್ಚುತ್ತಿದ್ದಳು, ತಡವಾಗಿ ಬೇಯುವ ಗೆಡ್ಡೆಯನ್ನು ಸಣ್ಣಗೆ. ಬಾಳೆಕಾಯಿಯನ್ನು ನೀರು ಕುದಿದ ಮೇಲೆಯೇ ಹೆಚ್ಚಿ ನೇರ ಪಾತ್ರೆಗೆ ಬಿಡುತ್ತಿದ್ದಳು. ಸೌಟು ಆಡಿಸುತ್ತಿರಲಿಲ್ಲ, ಪಾತ್ರೆಯ ಕಿವಿ ಹಿಡಿದು ಕುಲುಕುತ್ತಿದ್ದಳು. ಉಪ್ಪು ನೋಡಲು ರುಚಿ ನೋಡುತ್ತಿರಲಿಲ್ಲ, ಆವಿಗೆ ಮುಖ ಹಿಡಿಯುತ್ತಿದ್ದಳು. ಎಲ್ಲವನ್ನೂ ನೋಡಿಕೊಂಡು ಬಂದು ಮನೆಯಲ್ಲಿ ಹಾಗೇ ಮಾಡಿದೆ. ಹೆಂಡತಿ ತಿಂದು, ಚೆನ್ನಾಗಿದೆ ಎಂದಳು. ಅವಳು ಚೆನ್ನಾಗಿದೆ ಎಂದ ರೀತಿಯಲ್ಲೇ, ಗಿರಿಜೆಯದರ ಹಾಗೆ ಆಗಿಲ್ಲ ಎಂದು ನನಗೆ ಗೊತ್ತಾಯಿತು.

ಮೇಲೋಗರವನ್ನು ಮತ್ತೆ ಗಿರಿಜೆಯ ಕೈಗೆ ಕೊಡಲಿಲ್ಲ. ಕಾಯಿ ತುರಿ ಎಂದೆ, ಏಲಕ್ಕಿ ಬಿಡಿಸು ಎಂದೆ, ಎಲೆ ಒರೆಸು ಎಂದೆ. ಹೇಳಿದ್ದನ್ನೆಲ್ಲ ಮಾಡಿದಳು. ಅವಳು ಎದುರು ಮಾತಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಇನ್ನೊಂದು ಮದುವೆಯ ಮಾತು ಹೇಳಬೇಕು. ಹುಡುಗಿಯ ಅಜ್ಜ ನಿವೃತ್ತ ಕನ್ನಡ ಮೇಷ್ಟ್ರು, ಮೊದಲ ಪಂಕ್ತಿಯಲ್ಲಿ ಕೂತಿದ್ದರು. ಪಾಯಸ ಬಡಿಸುವ ಹೊತ್ತಿಗೆ ನಾನು ರೂಢಿಯಂತೆ ಹೆಗಲ ಮೇಲೆ ಟವೆಲು ಹಾಕಿಕೊಂಡು, ಊಟ ಹೇಗಾಗಿದೆ ಎಂದು ಕೇಳುತ್ತಾ ಬಂದೆ. ಮೇಷ್ಟ್ರು ಎಲೆಯ ಮೇಲಿದ್ದ ಮೇಲೋಗರ ತೋರಿಸಿ, ಇದಕ್ಕೆ ಈ ಹೆಸರು ಯಾಕೆ ಬಂತು ಹೇಳಿ ಭಟ್ಟರೇ ಎಂದರು. ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಕೊನೆಯಲ್ಲಿ ಮೇಲೆ ಒಗ್ಗರಣೆ ಬೀಳುತ್ತದಲ್ಲ, ಮೇಲಿನ ಒಗ್ಗರಣೆಯೇ ಬಾಯಲ್ಲಿ ಸವೆದು ಮೇಲೋಗರ ಆಗಿದ್ದು ಎಂದೆ. ಅಕ್ಕಪಕ್ಕದವರು ತಲೆದೂಗಿದರು.

ಆ ದಿನ ಬಡಿಸುವವರು ಕಡಿಮೆ ಬಿದ್ದು ಗಿರಿಜೆ ನೀರಿನ ಜಗ್ಗು ಹಿಡಿದು ಪಂಕ್ತಿಯಲ್ಲಿದ್ದಳು. ಮೇಷ್ಟ್ರು ಅವಳ ಮುಖ ನೋಡಿದರು. ನೀನೇನೋ ಹೇಳಬೇಕು ಅಂತಿದ್ದೀಯಲ್ಲ ಮಗಾ, ಹೇಳು ಎಂದರು.

ಅವಳು ನನ್ನ ಕಡೆ ಒಮ್ಮೆ ನೋಡಿ, “ನಮ್ಮಜ್ಜಿ ದೇವರಿಗೆ ಇಡೋ ಅನ್ನಕ್ಕೆ ಓಗರ ಅಂತಿದ್ರು ಮೇಷ್ಟ್ರೇ. ಓಗರದ ಮೇಲೆ ಬಡಿಸೋದು ಅಂತ ಇರಬಹುದೇನೋ. ನನಗೆ ಸರಿ ಗೊತ್ತಿಲ್ಲ” ಎಂದಳು.

ಮೇಷ್ಟ್ರು ಉಣ್ಣುವುದನ್ನೇ ನಿಲ್ಲಿಸಿದರು. ಓಗರ ಎಂದರೆ ಹಳೆಗನ್ನಡದಲ್ಲಿ ಅನ್ನ. ಹುಳಿ ಹಾಕಿದ ಅನ್ನ ಪುಳಿಯೋಗರೆ. ದಾರಿಗೆ ಕಟ್ಟಿಕೊಂಡು ಹೋಗುವ ಬುತ್ತಿ ಕಟ್ಟೋಗರ. ಅನ್ನದ ಮೇಲಕ್ಕೆ ಬರುವ ವ್ಯಂಜನ ಮೇಲೋಗರ. ಎಲೆಯ ಮೇಲೆ ಬೇರೆ ಬೇರೆ ಇರಬೇಕಾದ್ದನ್ನೆಲ್ಲ ಒಟ್ಟಿಗೆ ಕಲಸಿ ಯಾವುದು ಯಾವುದೆಂದು ತಿಳಿಯದ ಹಾಗೆ ಮಾಡಿದರೆ ಕಲಸುಮೇಲೋಗರ. ಪಾಠ ಹೇಳುವವರ ಹಾಗೆ ಇಷ್ಟನ್ನೂ ಬಿಡಿಸಿ ಹೇಳಿದರು. ರಾಜರ ಕಾಲದ ಮಾತನ್ನು ಈ ತಾಯಿ ನೀರಿನ ಜಗ್ಗು ಹಿಡ್ಕೊಂಡು ಓಡಾಡ್ತಾ ಕಾಪಾಡಿದ್ದಾಳಲ್ಲ ಎಂದು ಕಣ್ಣು ಒರೆಸಿಕೊಂಡರು. ಪಂಕ್ತಿಯ ಆ ತುದಿಯಿಂದ ಯಾರೋ, ಹಾಗಾದ್ರೆ ಭಟ್ರ ಒಗ್ಗರಣೆ ಎಲ್ಲಿಗೆ ಹೋಯ್ತು ಎಂದರು. ಇಡೀ ಚಪ್ಪರ ನಕ್ಕಿತು. ನಾನೂ ನಕ್ಕೆ. ಒಳಗೆ ಹೋಗಿ ನೀರು ಕುಡಿದೆ.

ಅಡುಗೆ ಅವಳಿಗೆ ಒಲಿದಿದೆ ಎಂದು ಹೇಗೋ ನುಂಗಿಕೊಳ್ಳುತ್ತಿದ್ದೆನೋ ಏನೋ. ನನ್ನ ಜೀವಮಾನದ ಅಡುಗೆಯ ಹೆಸರಿನ ಅರ್ಥವೂ ಅವಳ ಹತ್ತಿರವೇ ಇತ್ತು. ಅದನ್ನು ನುಂಗಲು ನನ್ನಿಂದ ಆಗಲಿಲ್ಲ.

ಮುಂದಿನ ಬೇಸಿಗೆಗೆ ದೊಡ್ಡಮ್ಮನ ಎರಡನೆಯ ಮಗಳ ಮದುವೆ ನಿಶ್ಚಯವಾಯಿತು. ಅಡುಗೆಯ ಪಟ್ಟಿ ಮಾಡಲು ಕರೆಸಿದ್ದರು. ಜಗುಲಿಯಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಮೇಲೋಗರ ಎಂದು ಬರೆದಾಗ ದೊಡ್ಡಮ್ಮ, “ಅದನ್ನ ಗಿರಿಜೇನೇ ಮಾಡ್ಲಿ. ಅವಳನ್ನ ತಪ್ಪದೆ ಕರ್ಕೊಂಡು ಬನ್ನಿ” ಎಂದರು.

“ಅವಳಿಗೆ ಈಚೆಗೆ ಯಾಕೋ ಕೆಮ್ಮು ಬಿಡ್ತಾ ಇಲ್ಲ ದೊಡ್ಡಮ್ಮ” ಎಂದೆ. “ನೂರಾರು ಜನ ಉಣ್ಣೋ ಜಾಗ ಅಂತ ನಾನೇ ಕರೀತಾ ಇಲ್ಲ.”

ಎಂತ ಕೆಮ್ಮು ಎಂದು ಅವರು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಈಗ ಯೋಚಿಸಿದರೆ, ಕೆಲಸ ಮಾಡಿದ್ದು ಆ ‘ಗೊತ್ತಿಲ್ಲ’ವೇ.

ಅದು ಮೊದಲೇ ಯೋಚಿಸಿಟ್ಟುಕೊಂಡಿದ್ದ ಮಾತಲ್ಲ. ಬಾಯಿಗೆ ಬಂತು, ಹೇಳಿದೆ. ಆದರೆ ಮುಂದಿನ ವಾರ ಇನ್ನೊಂದು ಮನೆಯಲ್ಲಿ ಹೇಳಿದ್ದು ಯೋಚಿಸಿಯೇ. ಮೂರನೆಯ ಮನೆಯಲ್ಲೂ ಹಾಗೇ. ಗಿರಿಜೆಗೆ, ಈ ಸಲ ಕೆಲಸ ಕಡಿಮೆ, ಇದ್ದರೆ ಹೇಳಿ ಕಳಿಸುತ್ತೇನೆ ಎಂದೆ. ಅವಳು ಕಾದಳು. ಬೇರೆ ತಂಡದವರನ್ನೂ ಕೇಳಿದಳಂತೆ. ಅವರೂ ಬೇಡ ಎಂದರಂತೆ.

ಒಂದು ದಿನ ಮಧ್ಯಾಹ್ನ ನಮ್ಮ ಅಂಗಳಕ್ಕೆ ಬಂದು ನಿಂತಳು. ಒಳಗೆ ಬಾ ಎಂದರೆ ಬರಲಿಲ್ಲ.

“ಅಣ್ಣಯ್ಯ, ನನಗೆ ಕೆಮ್ಮು ಅಂತ ಯಾರು ಹೇಳಿದ್ದು?”

“ಜನ ಏನೇನೋ ಮಾತಾಡ್ತಾರೆ ಗಿರಿಜಾ. ನನಗೇನು ಗೊತ್ತು?”

ಅವಳು ನನ್ನ ಮುಖ ನೋಡಿದಳು. ತಿರುಗಿ ಹೋದಳು. ನನ್ನನ್ನು ಅಣ್ಣಯ್ಯ ಎಂದು ಕರೆದದ್ದು ಅದೇ ಕೊನೆ.

ಆಗ ನಮಗೆಲ್ಲ ಕೊಪ್ಪರಿಗೆ, ಹಂಡೆ, ಬಾಣಲೆ ಬಾಡಿಗೆಗೆ ಕೊಡುತ್ತಿದ್ದವರು ಹಸನಬ್ಬ. ಎಲ್ಲ ಅಡುಗೆ ತಂಡಗಳ ಒಳಗುಟ್ಟೂ ಅವರಿಗೆ ಗೊತ್ತಿರುತ್ತಿತ್ತು. ಪಾತ್ರೆ ವಾಪಸು ಕೊಡಲು ಹೋದಾಗ ಅವರು ಕೊಪ್ಪರಿಗೆಯ ತಳ ತಟ್ಟಿ ನೋಡುತ್ತಾ, ಗಿರಿಜೆ ಬಂದಿದ್ದಳು, ಎರಡು ಸಣ್ಣ ಪಾತ್ರೆ ಒಯ್ದಳು, ಕೊಟ್ಟಿಗೆಹಾರದಲ್ಲಿ ಊಟದ ಹೋಟೆಲ್ ಇಡುತ್ತಾಳಂತೆ ಎಂದರು. ಅವಳ ಆರೋಗ್ಯ ಹೇಗಿದೆ ಎಂದು ಕೇಳಿದೆ. ಯಾಕೆ ಕೇಳಿದೆನೋ ತಿಳಿಯದು.

“ಅವಳಿಗೆ ಏನೂ ಇಲ್ಲ ಭಟ್ರೇ” ಎಂದರು ಹಸನಬ್ಬ. “ಇದ್ರೆ ನಿಮಗೇ ಏನೋ ಇರಬೇಕು.”

ನಾನು ಪಾತ್ರೆಯವರನ್ನೇ ಬದಲಾಯಿಸಿದೆ.

ಆಮೇಲೆ ಮೇಲೋಗರ ಪೂರ್ತಿ ನನ್ನದೇ ಆಯಿತು. ದೊಡ್ಡಮ್ಮನ ಮಗಳ ಮದುವೆಯಲ್ಲಿ ಜೀವ ಬಿಟ್ಟು ಮಾಡಿದೆ. ದೊಡ್ಡಮ್ಮ ಉಂಡರು, ಕೈ ತೊಳೆದರು, ಹೋದರು. ಅದರ ಮೇಲೆ ಕಾಲವೂ ಬದಲಾಯಿತು. ಸೌದೆ ಒಲೆ ಹೋಗಿ ಗ್ಯಾಸ್ ಬಂತು. ರುಬ್ಬುವ ಕಲ್ಲು ಹೋಗಿ ಯಂತ್ರ ಬಂತು. ಅದರಲ್ಲಿ ಕಾಯಿ ಬಿಸಿಯಾಗಿ ಎಣ್ಣೆ ಬಿಡುತ್ತದೆ, ಅದಕ್ಕೆ ನಡುನಡುವೆ ತಣ್ಣೀರು ಹಾಕುತ್ತಿರಬೇಕು ಎಂದು ಕಲಿಯಲು ನನಗೆ ಒಂದು ಮದುವೆ ಹಾಳಾಗಬೇಕಾಯಿತು. ಪಂಕ್ತಿ ಹೋಗಿ ಜನ ತಟ್ಟೆ ಹಿಡಿದು ಸಾಲು ನಿಂತರು. ಗೋಬಿ ಮಂಚೂರಿ ಬಂದ ಮೇಲೆ ಮೇಲೋಗರವನ್ನು ಪಟ್ಟಿಯಿಂದ ಮೊದಲು ಹೊಡೆದುಹಾಕುತ್ತಿದ್ದರು. ಹೊಡೆದುಹಾಕಿದಾಗ ನನಗೆ ಬೇಸರವಾಗಬೇಕಿತ್ತು. ಆಗಲಿಲ್ಲ. ಅವಳಿಗೂ ಇಲ್ಲವಾಯಿತಲ್ಲ ಎನಿಸುತ್ತಿತ್ತು. ಅಲ್ಲಿಯವರೆಗೆ ಇಳಿದಿದ್ದೆ.

ಭುಜ ಎತ್ತಲು ಆಗದೆ ಮದುವೆ ಕೆಲಸ ಬಿಟ್ಟ ಮೇಲೆ ಎರಡು ವರ್ಷ ಅತ್ತಿಗುಂಡಿಯ ಒಂದು ಹೋಂಸ್ಟೇಯಲ್ಲಿ ಅಡುಗೆಗಿದ್ದೆ. ಬರುವವರಿಗೆ ಈಗ ‘ಮಲೆನಾಡಿನ ಊಟ’ ಬೇಕು. ಮೇಲೋಗರ ಮತ್ತೆ ಬಂತು. ಒಂದು ಭಾನುವಾರ ಮಂಗಳೂರಿನಿಂದ ಬಂದ ಒಂದು ಸಂಸಾರಕ್ಕೆ ಬಡಿಸಿದೆ. ಆ ಮನೆಯ ಹೆಂಗಸು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: ಚಾರ್ಮಾಡಿ ಹತ್ತಿ ಬರುವಾಗ ಕೊಟ್ಟಿಗೆಹಾರದಲ್ಲಿ ಒಬ್ಬರು ಗಿರಿಜಮ್ಮ ಅಂತ ಇದ್ದಾರೆ, ಒಂದು ಸಲ ಅಲ್ಲಿ ತಿಂದು ನೋಡಿ, ಅವರ ಹತ್ತಿರ ಕೇಳಿದರೆ ಹೇಳಿಕೊಡಬಹುದು.

ಆ ತಿಂಗಳೇ ಕೆಲಸ ಬಿಟ್ಟೆ. ಮೂರು ದಿನ ಮನೆಯಲ್ಲಿದ್ದೆ. ನಾಲ್ಕನೆಯ ದಿನ ಬಸ್ಸು ಹತ್ತಿ ಕೊಟ್ಟಿಗೆಹಾರದಲ್ಲಿ ಇಳಿದೆ.

ಊಟದ ಹೊತ್ತು ಮುಗಿಯುತ್ತಾ ಬಂದಿತ್ತು. ಆರು ಮೇಜಿನ ಸಣ್ಣ ಹೋಟೆಲು. ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದಳು, ಎಲೆ ಹಾಕಿದಳು, ತಾನೇ ಬಡಿಸಿದಳು. ನಾನು ಅನ್ನದ ಮೇಲೆ ಮೇಲೋಗರ ಹಾಕಿಸಿಕೊಂಡು ಒಂದು ತುತ್ತು ತಿಂದೆ. ಗೆಡ್ಡೆ ಗೆಡ್ಡೆಯಾಗೇ ಇತ್ತು. ತಪ್ಪೊಪ್ಪಿಕೊಳ್ಳಬೇಕೆಂದು ಬಂದವನು ನಾನು. ಆದರೂ ಬಾಯಲ್ಲಿ ಆ ತುತ್ತು ಇರುವಾಗ ನನಗೆ ಹೊಟ್ಟೆ ಉರಿಯಿತು. ಇದನ್ನು ಮುಚ್ಚಿಡುವುದಿಲ್ಲ.

ಉಳಿದವರೆಲ್ಲ ಎದ್ದುಹೋದ ಮೇಲೆ, “ಕೆಮ್ಮಿನ ಮಾತು ಹುಟ್ಟಿಸಿದ್ದು ನಾನೇ ಗಿರಿಜಮ್ಮ” ಎಂದೆ.

“ಅಂಗಳದಲ್ಲಿ ನಿಂತಾಗಲೇ ಗೊತ್ತಾಯ್ತು ಭಟ್ರೇ” ಎಂದಳು. ಮೇಜು ಒರೆಸುತ್ತಾ ಉಳಿದದ್ದನ್ನು ಹೇಳಿದಳು. ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ, ಏನೂ ಇಲ್ಲ ಎಂದು ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡಿದ್ದಳು. ಹೋಟೆಲಿಗೆ ಜಾಗ ಕೇಳಲು ಹೋದಲ್ಲಿ ಆ ಚೀಟಿ ತೋರಿಸಿದ್ದಳು. ಹಾಲಿನವನಿಗೆ ತೋರಿಸಿದ್ದಳು. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ತೋರಿಸಿದ್ದಳು. ಅದು ಮಡಚಿದ ಜಾಗದಲ್ಲಿ ಹರಿದುಹೋದಾಗ ಇನ್ನೊಂದು ಬರೆಸಿಕೊಂಡಿದ್ದಳು. ಇಷ್ಟನ್ನೂ ಯಾರದೋ ಕಥೆ ಹೇಳುವ ಹಾಗೆ ಹೇಳಿದಳು.

ತಪ್ಪಾಯಿತು, ಕ್ಷಮಿಸು ಎಂದೆ.

“ಅದೆಲ್ಲ ಬಿಡಿ. ಎಷ್ಟು ಮನೆಯಲ್ಲಿ ಹೇಳಿದ್ರೋ ಅಷ್ಟೂ ಮನೆಗೆ ಹೋಗಿ, ಸುಳ್ಳು ಹೇಳಿದ್ದೆ ಅಂತ ಹೇಳಿ ಬನ್ನಿ. ಆಮೇಲೆ ನೋಡುವ.”

ಮೂರು ಮನೆ ತಾನೇ ಎಂದುಕೊಂಡು ಹೊರಟೆ. ದೊಡ್ಡಮ್ಮನ ಮನೆಗೆ ಮೊದಲು ಹೋದೆ. ಅವರಿಗೆ ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ನನ್ನ ಮಾತನ್ನು ಪೂರ್ತಿ ಕೇಳಿದರು. ನಾನು ಆಗಲೇ ನಂಬಿರಲಿಲ್ಲ ಎಂದರು. ಮತ್ತೆ ಅವಳನ್ನು ಯಾಕೆ ಕರೆಯಲಿಲ್ಲ ಎಂದು ಕೇಳಿದೆ.

“ಮದುವೆಮನೆ ಅಲ್ವಾ ಭಟ್ರೇ. ಇರಲಿಕ್ಕಿಲ್ಲ ಅಂತ ಗೊತ್ತಿದ್ರೂ, ಎಂತಕ್ಕೆ ಬೇಕು ಅನ್ನಿಸ್ತು.”

ನನ್ನ ಮಾತನ್ನು ಯಾರಾದರೂ ನಂಬಿದ್ದರಿಂದ ಅವಳ ಕೆಲಸ ಹೋಯಿತು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಯಾರೂ ನಂಬುವ ಅಗತ್ಯವೇ ಇರಲಿಲ್ಲ. ಹೇಳಿದ್ದೇ ಸಾಕಾಗಿತ್ತು.

ಎರಡನೆಯ ಮನೆಗೆ ಬೀಗ ಬಿದ್ದಿತ್ತು. ಅಲ್ಲಿಯ ಮುದುಕರು ತೀರಿಹೋಗಿದ್ದರು. ಪಕ್ಕದ ಮನೆಯವರನ್ನು ಕೇಳಿದರೆ, ಹೌದು, ಅಡುಗೆ ಗಿರಿಜಮ್ಮನಿಗೆ ಟಿಬಿ ಇತ್ತಂತಲ್ಲ, ಮಗಳಿಗೂ ಬಂದಿತ್ತಂತಲ್ಲ ಎಂದರು. ನಾನು ಮಗಳ ವಿಷಯ ಎತ್ತಿರಲೇ ಇಲ್ಲ. ಮಾತು ಹರಡಿದ ಮನೆಗಳನ್ನು ಹುಡುಕುತ್ತಾ ಹೋದ ಹಾಗೆ ಮೂರು ಮನೆ ಇದ್ದದ್ದು ಒಂಬತ್ತಾಯಿತು, ಹನ್ನೆರಡಾಯಿತು. ಎರಡು ತಿಂಗಳು ಬಸ್ಸಿನಲ್ಲಿ, ಜೀಪಿನಲ್ಲಿ, ನಡೆದು ತಿರುಗಿದೆ. ಕೆಲವರು ಕಾಫಿ ಕೊಟ್ಟು ಕೂರಿಸಿ ಕೇಳಿದರು. ಕೆಲವರು, ಈ ವಯಸ್ಸಲ್ಲಿ ಇದೆಲ್ಲ ಯಾಕೆ ಎಂದರು. ಒಬ್ಬರು, ಹಾಗಾದರೆ ನೀವು ಇನ್ನೇನೇನು ಸುಳ್ಳು ಹೇಳಿದ್ದೀರಿ ಎಂದು ಕೇಳಿ ಬಾಗಿಲು ಹಾಕಿಕೊಂಡರು.

ಕೊನೆಯದಾಗಿ ಹೋದದ್ದು ದೇವರಮನೆ ಬೆಟ್ಟದ ದಾರಿಯ ಒಂದು ಮನೆಗೆ. ಹಿರಿಯರು ಯಾರೂ ಇರಲಿಲ್ಲ. ಆ ಮನೆಗೆ ಹೊಸದಾಗಿ ಬಂದ ಸೊಸೆ ಮೆಟ್ಟಿಲ ಮೇಲೆ ನಿಂತು ನನ್ನ ಮಾತು ಕೇಳಿದಳು. ಅವಳಿಗೆ ಗಿರಿಜೆಯೂ ಗೊತ್ತಿಲ್ಲ, ಕೆಮ್ಮಿನ ಸುದ್ದಿಯೂ ಗೊತ್ತಿಲ್ಲ. ಯಾರಿಗೂ ನೆನಪಿಲ್ಲದ ಕಡೆ ನಾನೇ ಹೋಗಿ ಹೇಳಿದಂತಾಯಿತಲ್ಲ ಎಂದು ಪೆಚ್ಚಾಗಿ ನಿಂತೆ. ಅವಳು ಯೋಚಿಸಿ, ಬರುವ ತಿಂಗಳು ನಮ್ಮಲ್ಲಿ ಮಗುವಿನ ನಾಮಕರಣ ಇದೆ, ಅಡುಗೆಯವರನ್ನು ಹುಡುಕುತ್ತಿದ್ದೇವೆ ಎಂದಳು. ಆಮೇಲೆ ಕೇಳಿದಳು:

“ಅವ್ರ ಅಡುಗೆ ಅಷ್ಟು ಚೆನ್ನಾಗಿರುತ್ತಾ?”

ಟವೆಲಿನಿಂದ ಮುಖ ಒರೆಸಿಕೊಂಡೆ. ಆಕೆ ಕಾದಳು.

“ನನಗಿಂತ ಚೆನ್ನಾಗಿ ಮಾಡ್ತಾರೆ” ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಹೇಳಿದ ಮೇಲೆ ಹಗುರವಾಗುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಹಾಗೇನೂ ಆಗಲಿಲ್ಲ.

ಅವರ ನಂಬರ್ ಇದೆಯೇ ಎಂದು ಸೊಸೆ ಫೋನು ತೆಗೆದಳು. ಕೊಟ್ಟಿಗೆಹಾರದ ಮೇಲೆ ಹಾದುಹೋಗುವಾಗಲೆಲ್ಲ ಬಸ್ಸಿನ ಕಿಟಕಿಯಿಂದ ಆ ಹೋಟೆಲಿನ ಬೋರ್ಡಿನ ಹೆಸರು, ನಂಬರನ್ನು ನಾನು ಅದೆಷ್ಟು ವರ್ಷ ಕಣ್ಣು ಕಿರಿದು ಮಾಡಿ ಓದಿದ್ದೆನೋ, ಒಂದು ಸಲವೂ ಆ ನಂಬರಿಗೆ ಫೋನು ಮಾಡಿದವನಲ್ಲ. ತಡವರಿಸದೆ ಹತ್ತೂ ಅಂಕಿ ಹೇಳಿದೆ.